ಹೇಳದೆ ಉಳಿದ ನೋವು

ಶ್ರಾವಕನ ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನಾಲ್ಕನೆಯದು ಅತಿಭಾರಾರೋಪಣ. ಎಂದರೆ ಮೂಕಪ್ರಾಣಿಯ ಮೇಲೆ ಅದು ಹೊರಲಾರದಷ್ಟು ಭಾರವನ್ನು ಹೇರುವುದು. ಎತ್ತಿನ ಗಾಡಿಗಳು ಅಪರೂಪವಾದ ಈ ಕಾಲದಲ್ಲಿ ಆ ಮಾತಿಗೆ ಹೆಚ್ಚಿನ ಪ್ರಸಕ್ತಿ ಇಲ್ಲವೆಂದೇ ನಾನು ಭಾವಿಸಿದ್ದೆ. 2023ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾಗ ಪಕ್ಕದ ಮನೆಯ ಹುಡುಗನೊಬ್ಬನ ಮೊಣಕೈ ಆ ಭಾವನೆಯನ್ನು ತಿದ್ದಿತು.

ಅವನು ಅಲ್ಲಿಯ ಸೈನಿಕ ಅಕಾಡೆಮಿಯೊಂದರಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿ. ಅದರ ಬೇಸ್‌ಬಾಲ್ ತಂಡದಲ್ಲಿ ಪಿಚರ್, ಅಂದರೆ ದಾಂಡಿಗನಿಗೆ ಚೆಂಡೆಸೆಯುವವನು. ನನ್ನ ಮೊಮ್ಮಗಳನ್ನು ಅನುಸರಿಸಿ ಚಿಕ್ಕಂದಿನಿಂದಲೂ ನನ್ನನ್ನು 'ತಾತ' ಎಂದೇ ಕರೆಯುತ್ತಿದ್ದ. (ಸೈನ್ಯ ಸೇರುವವನ ಕಥೆ ಈ ಪುಟಗಳಲ್ಲಿ ಏಕೆ ಎಂದು ಕೇಳುವವರು, ಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಸೇನಾಪತಿಯಾಗಿದ್ದನೆಂಬುದನ್ನು ನೆನೆಯಬೇಕು.) ರಜೆಗೆ ಬಂದಿದ್ದ ಅವನು ಹಿತ್ತಲಿನಲ್ಲಿ ಬಲೆ ಕಟ್ಟಿಕೊಂಡು ಚೆಂಡೆಸೆಯುತ್ತಿದ್ದ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕನಾಗಿದ್ದವನು. ಪ್ರತಿ ಎಸೆತದ ಬಳಿಕ ಅವನು ಕೈ ಕೊಡವುತ್ತಿದ್ದುದನ್ನು ಕಂಡು ವಿಚಾರಿಸಿದೆ. ಮೊದಲು ನಕ್ಕ. ಆಮೇಲೆ, ಮೊಣಕೈಯ ಒಳಬದಿಯಲ್ಲಿ ಎರಡು ತಿಂಗಳಿಂದ ನೋವಿದೆಯೆಂದೂ ಉಂಗುರಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆಯೆಂದೂ ಹೇಳಿದ. "ತರಬೇತುದಾರರು ಕೈ ಹೇಗಿದೆಯೆಂದು ಕೇಳಿದಾಗ ಚೆನ್ನಾಗಿದೆ ಎಂದೆ. ತಾತ, ನೀವು ಅಮ್ಮನಿಗೆ ಹೇಳಬೇಡಿ" ಎಂದ.

ಅವನ ಭಯಕ್ಕೆ ಕಾರಣವಿತ್ತು. ಮೊಣಕೈಯ ಒಳಬದಿಯಲ್ಲಿ ತೋಳಿನ ಮೂಳೆಯನ್ನು ಮುಂಗೈಯ ಮೂಳೆಗೆ ಬಿಗಿದಿರುವ ನಾರಿನಂಥ ಕಟ್ಟೊಂದಿದೆ. ಚೆಂಡನ್ನು ಬಲವಾಗಿ ಎಸೆಯುವಾಗ ಎಳೆತವೆಲ್ಲ ಅದರ ಮೇಲೆ ಬೀಳುತ್ತದೆ. ಅದು ಹರಿದರೆ ಪಿಚರನ ಆಟ ಮುಗಿಯಿತೆಂದೇ ಹಿಂದೆ ತಿಳಿಯುತ್ತಿದ್ದರು. 1974ರ ಸೆಪ್ಟೆಂಬರಿನಲ್ಲಿ ಡಾ. ಫ್ರಾಂಕ್ ಜೋಬ್ ಎಂಬ ವೈದ್ಯರು ಟಾಮಿ ಜಾನ್ ಎಂಬ ಆಟಗಾರನ ಬಲ ಮುಂಗೈಯಿಂದ ಸ್ನಾಯುರಜ್ಜುವೊಂದನ್ನು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರ ಕೊರೆದು ಪೋಣಿಸಿದರು. ಆತ 1975ರ ವರ್ಷವಿಡೀ ಆಡಲಿಲ್ಲ. 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದ. ಆ ಚಿಕಿತ್ಸೆಗೆ ಇಂದು ಅವನದೇ ಹೆಸರು. ಆದರೆ ಪಿಚರ್ ಮತ್ತೆ ಪಂದ್ಯಕ್ಕಿಳಿಯಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕಾಗುತ್ತದೆ.

ಆ ಒಂದೂವರೆ ವರ್ಷವೇ ಅವನ ಬಳಿ ಇರಲಿಲ್ಲ. ಬೇರೆ ಕಾಲೇಜುಗಳಲ್ಲಿ ಗಾಯಗೊಂಡ ಆಟಗಾರನು ಒಂದು ವರ್ಷ ಆಟ ಬಿಟ್ಟು, ಓದನ್ನು ಮುಂದಕ್ಕೆಳೆದು ಮರುವರ್ಷ ಆಡಬಹುದು. ಇನ್ನೊಂದು ಕಾಲೇಜಿಗೂ ಹೋಗಬಹುದು. ಸೈನಿಕ ಅಕಾಡೆಮಿಯಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಪದವಿ, ಅಂದೇ ಅಧಿಕಾರಿಯ ಪಟ್ಟ, ಆಮೇಲೆ ಕನಿಷ್ಠ ಐದು ವರ್ಷದ ಸೇವೆ. ಮೊದಲ ಎರಡು ವರ್ಷಗಳಲ್ಲಿ ಋಣವಿಲ್ಲದೆ ಹೊರಡಬಹುದು. ಮೂರನೆಯ ವರ್ಷದ ಆರಂಭದಲ್ಲಿ ಸೇವೆಗೆ ಬದ್ಧನೆಂದು ಮಾತು ಕೊಟ್ಟಮೇಲೆ ಬಿಟ್ಟುಹೋದರೆ, ಸಾಮಾನ್ಯ ಸೈನಿಕನಾಗಿ ದುಡಿಯಬೇಕಾಗಬಹುದು, ಇಲ್ಲವೆ ವಿದ್ಯಾಭ್ಯಾಸದ ವೆಚ್ಚ ತೆರಬೇಕಾಗಬಹುದು. ಇವನು ಮಾತು ಕೊಟ್ಟು ನಾಲ್ಕು ತಿಂಗಳಾಗಿತ್ತು. ಆ ಮಾತಿನ ಬಗ್ಗೆ ಅವನಿಗೆ ಬೇಸರವೇನೂ ಇರಲಿಲ್ಲ. ಅವನ ಕೋಣೆಯ ಗೋಡೆಯ ಮೇಲೆ ಮಿಚ್ ಹ್ಯಾರಿಸನ ಚಿತ್ರವಿತ್ತು. ಹ್ಯಾರಿಸ್ ಅನಾಪೊಲಿಸಿನ ನೌಕಾ ಅಕಾಡೆಮಿಯ ಪಿಚರ್. 2008ರಲ್ಲಿ ವೃತ್ತಿಪರ ತಂಡವೊಂದು ಆರಿಸಿಕೊಂಡರೂ ಸುಮಾರು ಐದು ವರ್ಷ ನೌಕಾಸೇವೆ ಸಲ್ಲಿಸಿ, 2015ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ ಮೊದಲ ಬಾರಿ ಉನ್ನತ ಮಟ್ಟದ ಪಂದ್ಯ ಆಡಿದ. "ಕಾಯುವುದು ನನಗೆ ಕಷ್ಟವಲ್ಲ, ಆದರೆ ಮೊದಲು ಯಾರಾದರೂ ನನ್ನನ್ನು ನೋಡಬೇಕಲ್ಲ" ಎಂದ ಹುಡುಗ.

ನಾನು ಹೇಳಲಿಲ್ಲ. ಅದಕ್ಕೆ ಶಾಸ್ತ್ರದ ಆಧಾರವನ್ನೂ ಹುಡುಕಿಕೊಂಡೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಒಂದು. ಇನ್ನೊಬ್ಬರ ಗುಟ್ಟನ್ನು ಬಯಲು ಮಾಡುವುದು ದೋಷ. ಬೆಳಗಿನ ಸಾಮಾಯಿಕಕ್ಕೆ ಕುಳಿತಾಗ ಮನಸ್ಸು ಕದಡಿದರೂ ಆ ಒಂದು ಪದವನ್ನು ಹಿಡಿದು ಸಮಾಧಾನ ತಂದುಕೊಂಡೆ. ಇಂದು ಯೋಚಿಸಿದರೆ, ಹುಡುಗನ ಪ್ರೀತಿಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಅತಿಭಾರಾರೋಪಣದ ನೆನಪು ಆಗಲೇ ಬಂದಿತ್ತು. ಹೇರುವವನೂ ಹೊರುವವನೂ ಒಬ್ಬನೇ ಆಗಿರುವಾಗ ಅದು ಅನ್ವಯಿಸದೆಂದು ತಳ್ಳಿಹಾಕಿದೆ. ಮೊಣಕೈಗೆ ಮಾತು ಬರುವುದಿಲ್ಲ. ಅದರ ಪರವಾಗಿ ಮಾತನಾಡಬಲ್ಲವರು ಇಬ್ಬರೇ ಇದ್ದೆವು, ಇಬ್ಬರೂ ಸುಮ್ಮನಿದ್ದೆವು. ವೆಸ್ಟ್ ಪಾಯಿಂಟಿನ ಗೌರವ ಸಂಹಿತೆಯಲ್ಲಿ ಸುಳ್ಳು, ಮೋಸ, ಕಳವುಗಳ ಜೊತೆಗೆ, ಅವನ್ನು ಮಾಡುವವರನ್ನು ಸಹಿಸಿಕೊಳ್ಳುವುದೂ ತಪ್ಪೆಂದಿದೆ. ಕೃತ, ಕಾರಿತ, ಅನುಮತಗಳನ್ನು ಬಾಲ್ಯದಿಂದ ಕೇಳಿದ ನನಗೆ ಇದನ್ನು ಪರದೇಶದವರು ಹೇಳಿಕೊಡಬೇಕಿರಲಿಲ್ಲ.

ಜನವರಿಯ ಕೊನೆಯಲ್ಲಿ ನಾನು ಊರಿಗೆ ಮರಳಿದೆ. ಮಾರ್ಚಿನ ಒಂದು ಪಂದ್ಯದಲ್ಲಿ ಚೆಂಡೆಸೆದವನು ಮೊಣಕೈ ಹಿಡಿದು ಕುಸಿದನೆಂದು ಮಗಳು ದೂರವಾಣಿಯಲ್ಲಿ ತಿಳಿಸಿದಳು. ಏಪ್ರಿಲಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಡಿಸೆಂಬರಿನಲ್ಲೇ ಕೈಗೆ ವಿಶ್ರಾಂತಿ ಸಿಕ್ಕಿದ್ದರೆ ಚಿಕಿತ್ಸೆಯೇ ಬೇಕಾಗುತ್ತಿರಲಿಲ್ಲವೆಂದು ಯಾರೂ ಖಚಿತವಾಗಿ ಹೇಳಲಾರರು. ಈ ಅನಿಶ್ಚಯವನ್ನು ನನ್ನ ಪರವಾದ ವಾದವಾಗಿ ಬಳಸಲು ನನಗೆ ಧೈರ್ಯವಿಲ್ಲ. ನಾಲ್ಕನೆಯ ವರ್ಷ ಅವನು ತಂಡದ ಬೆಂಚಿನ ಮೇಲೆ ಕುಳಿತು ಅಂಕಗಳನ್ನು ಬರೆದ.

2025ರ ಮೇ ತಿಂಗಳಲ್ಲಿ ನಾನು ಮತ್ತೆ ಅಲ್ಲಿಗೆ ಹೋದಾಗ ಅವನು ಪದವಿ ಪಡೆದು, ಸೆಕೆಂಡ್ ಲೆಫ್ಟಿನೆಂಟನಾಗಿ ಕೆಲವು ದಿನಗಳ ರಜೆಯಲ್ಲಿ ಮನೆಯಲ್ಲಿದ್ದ. ನಾನು ಅವನ ತಾಯಿಯ ಬಳಿಗೆ ಹೋಗಿ, ನನಗೆ ಮೊದಲೇ ತಿಳಿದಿತ್ತೆಂದು ಒಪ್ಪಿಕೊಂಡೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ನೀವು ಹೇಳಿದ್ದರೂ ಅವನು ಕೇಳುತ್ತಿದ್ದನೋ ಇಲ್ಲವೋ. ಆದರೆ ನನಗೆ ಹೇಳಬೇಕಿತ್ತು" ಎಂದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಹೊರಗೆ ಬಂದಾಗ ಹುಡುಗ ಹಿತ್ತಲಿನಲ್ಲಿ ನನ್ನ ಮೊಮ್ಮಗಳಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಿದ್ದ. ಎಡಗೈಯಿಂದ, ನಿಧಾನವಾಗಿ ಎಸೆಯುತ್ತಿದ್ದ. ಬಲ ಮೊಣಕೈಯ ಒಳಬದಿಯಲ್ಲಿ ಗೇಣುದ್ದದ ಗುರುತು ಕಾಣುತ್ತಿತ್ತು. ನನ್ನನ್ನು ಕಂಡು, "ತಾತ, ನೋವಿಲ್ಲ, ನಿಜವಾಗಿಯೂ ಇಲ್ಲ" ಎಂದು ತಾನಾಗಿಯೇ ಹೇಳಿದ. ನಾನು ಹತ್ತಿರ ಹೋಗಿ ಆ ಕೈಯನ್ನು ಮಡಿಸಿ, ಬಿಡಿಸಿ ನೋಡಿದೆ.