ಪುಂಡ್ಯಾನ ಜರ್ಮನ್ ಪಾಠ

ಪುಣೆಯ ಕೋಥರೂಡಿನಲ್ಲಿ ನಮ್ಮ ಓಣಿಯ ಕಡೆಗೆ ಬೆಳಗಿನ ಆರು ಗಂಟೆಗೆ ಯಾರಾದರೂ ಕಿಟಕಿ ತೆರೆದರೆ, ಅರವತ್ತಾರು ವರ್ಷದ ಒಬ್ಬ ಮನುಷ್ಯ ನಾಯಿಯ ಪಕ್ಕದಲ್ಲಿ ನೆಟ್ಟಗೆ ನಡೆಯುತ್ತ "ಫೂಸ್", "ಜಿಟ್ಸ್", "ಪ್ಲಾಟ್ಸ್" ಎನ್ನುತ್ತಿರುವುದು ಕಾಣುತ್ತದೆ. ಆ ಮನುಷ್ಯ ನಾನೇ. ಎದುರು ಮನೆಯ ಕಾಕೂ ಮೊದಮೊದಲು ನನಗೆ ಸೀನು ಹತ್ತಿದೆ ಎಂದೇ ತಿಳಿದಿದ್ದರಂತೆ. ಮೂರೂ ಜರ್ಮನ್ ಪದಗಳು: ಪಕ್ಕದಲ್ಲಿ ನಡೆ, ಕೂಡು, ಮಲಗು. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಹಿಂದಿ ಮತ್ತು ಇಂಗ್ಲಿಷ್. ಇಷ್ಟು ಸಾಲದು ಅಂತ ಈ ವಯಸ್ಸಿನಲ್ಲಿ ಒಂದು ನಾಯಿಯ ದೆಸೆಯಿಂದ ಜರ್ಮನ್ ಕೂಡ ಬಂತು.

ನಾಯಿಯ ಜಾತಿ ಬೆಲ್ಜಿಯನ್ ಮ್ಯಾಲಿನ್ವಾ. ಕಾಗದಪತ್ರದಲ್ಲಿ ಅದಕ್ಕೆ ಬಾಯಿಗೆ ಹತ್ತದ ಉದ್ದನೆಯ ಹೆಸರಿದೆ. ಬಂದ ಮೂರನೆಯ ದಿನ ಅದು ಸೋಫಾದ ಒಂದು ಮೂಲೆಯನ್ನು ಪೂರ್ತಿ ತಿಂದು ಮುಗಿಸಿದಾಗ ನನ್ನ ಹೆಂಡತಿ "ಏ ಪುಂಡ್ಯಾ!" ಎಂದು ಕೂಗಿದಳು. ಅದೇ ಹೆಸರು ನಿಂತಿತು.

ನನ್ನ ಊರು ಮುಧೋಳ ತಾಲೂಕಿನ ಒಂದು ಹಳ್ಳಿ ಎಂದರೆ ನಾಯಿ ಬಲ್ಲವರು ಈಗಾಗಲೇ ಮುಗುಳ್ನಕ್ಕಿರುತ್ತಾರೆ. ಉದ್ದ ಮೂತಿ, ಒಳಗೆ ಎಳೆದುಕೊಂಡ ಹೊಟ್ಟೆ, ಬಾಣದಂಥ ಮೈ. ಆ ನಾಯಿಗಳ ನಡುವೆಯೇ ನಾವು ಅಂಬೆಗಾಲಿಟ್ಟವರು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶಿ ತಳಿಗಳ ಚೀಟಿ ಹೊರತಂದಾಗ ಅದರಲ್ಲಿ ಮುಧೋಳ ನಾಯಿಯೂ ಇತ್ತು. ಆ ಚೀಟಿಯನ್ನು ಬ್ಯಾಂಕಿನ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. 2016ರಲ್ಲಿ ಮುಧೋಳದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದ ಸುದ್ದಿ ಬಂದಾಗ, ನನ್ನ ಮಗನಿಗೇ ಕೆಲಸ ಸಿಕ್ಕಂತೆ ಪೇಢೆ ಹಂಚಿದೆ. ನನ್ನ ಅಹಂಕಾರದ ಬೇರು ಅಲ್ಲಿತ್ತು. ನಾಯಿ ಅಂದರೆ ನನಗೆ ಗೊತ್ತು ಅಂತ ನಾನು ನಂಬಿದ್ದೆ.

ಆದರೆ ನಮ್ಮೂರ ನಾಯಿಗೆ ಯಾರೂ ಏನನ್ನೂ ಕಲಿಸುತ್ತಿರಲಿಲ್ಲ. ಅದು ಕಣ್ಣಿನ ನಾಯಿ. ದೂರದಲ್ಲಿ ಏನೋ ಓಡಿತು, ಇದೂ ಓಡಿತು. ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ತಿರುಗಿ ಬಂದು ಬೇವಿನ ಗಿಡದ ನೆರಳಿನಲ್ಲಿ ಸಂಜೆಯ ತನಕ ನಿದ್ದೆ. ಅಪ್ಪ ಒಂದು ಸೀಟಿ ಹೊಡೆದರೆ ಬರುತ್ತಿತ್ತು. ಕೆಲವು ಸಲ ಬರುತ್ತಿರಲಿಲ್ಲ, ಅದಕ್ಕೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಲೂ ಇರಲಿಲ್ಲ. ಮ್ಯಾಲಿನ್ವಾ ಹಾಗಲ್ಲ. ಬೆಲ್ಜಿಯಂನ ಕುರುಬರ ನಾಯಿ ಇದು, ದಿನವಿಡೀ ಹಿಂಡಿನ ಸುತ್ತ ತಿರುಗಲು ಹುಟ್ಟಿದ್ದು. ಅದಕ್ಕೆ ಕೆಲಸ ಮುಗಿಯುವುದೇ ಇಲ್ಲ. ಹಿಂಡು ಇಲ್ಲವಾದರೆ ಸೈಕಲ್ಲು, ಸೈಕಲ್ಲು ಇಲ್ಲವಾದರೆ ಕಸಬರಿಗೆ, ಕಸಬರಿಗೆಯೂ ಇಲ್ಲವಾದರೆ ನನ್ನ ಪಂಚೆಯ ಅಂಚು.

ಈ ಕ್ರೀಡೆಯವರು ಅದಕ್ಕೆ 'ಡ್ರೈವ್' ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು ಎಂದು ಬಹಳ ಹುಡುಕಿದೆ. ಹುರುಪು ಅಂದರೆ ಸಾಲದು, ಹಟ ಅಂದರೆ ತಪ್ಪು. ನನ್ನ ಹೆಂಡತಿಯ ಮಾತೇ ಹತ್ತಿರ ಬರುತ್ತದೆ: "ಹಪಾಹಪಿ ರೀ ಇದಕ್ಕ, ಬರೇ ಹಪಾಹಪಿ." ಒಂದು ಚೆಂಡಿಗಾಗಿ ಊಟ ಬಿಡುವ, ಕಾಲು ಉಳುಕಿದ್ದರೂ ಓಡುವ, ಹಿಡಿದದ್ದನ್ನು ಬಿಡದ ಹಪಾಹಪಿ.

ಇಂಥ ನಾಯಿಯನ್ನು 2022ರಲ್ಲಿ, ನಿವೃತ್ತನಾಗಿ ಮೂರು ವರ್ಷ ಆದಮೇಲೆ ಯಾಕೆ ತಂದೆ? ಗೋಡೆ ಹತ್ತುವ ಮ್ಯಾಲಿನ್ವಾದ ವಿಡಿಯೋ ಒಂದನ್ನು ಹಳೆಯ ಸಹೋದ್ಯೋಗಿ ಕಳಿಸಿದ್ದ. ಅಷ್ಟೇ ಕಾರಣ. ಮಾರಿದವನು ಫೋನಿನಲ್ಲೇ ಹಣ ತೆಗೆದುಕೊಂಡ, ಒಂದು ಪ್ರಶ್ನೆ ಕೇಳಲಿಲ್ಲ. ಐದು ನೂರು ರೂಪಾಯಿಯ ಉಳಿತಾಯ ಖಾತೆ ತೆರೆಯಲು ನಾವು ಇದಕ್ಕಿಂತ ಹೆಚ್ಚು ವಿಚಾರಣೆ ಮಾಡುತ್ತಿದ್ದೆವು. ಬೆಂಗಳೂರಿನ ಹತ್ತಿರ ತರಳುವಿನಲ್ಲಿ ಸಿಆರ್‌ಪಿಎಫ್‌ನವರು ಇದೇ ಜಾತಿಯ ನಾಯಿಗಳನ್ನು ಬೆಳೆಸಿ ಕಲಿಸುತ್ತಾರೆ. ಅಲ್ಲಿ ನಾಯಿಯೇ ಜವಾನನ ಕೆಲಸ. ನಾನು ಕೊಡಲಿದ್ದದ್ದು ಬೆಳಿಗ್ಗೆ ಅರ್ಧ ಗಂಟೆಯ ವಾಕಿಂಗು.

ಹದಿನಾಲ್ಕು ತಿಂಗಳಾದಾಗ ಆಗಬಾರದ್ದು ಆಯಿತು. ಗೇಟಿನ ಹೊರಗೆ ಹಾಲಿನ ಹುಡುಗನ ಸೈಕಲ್ಲು. ಒಳಗೆ ಪುಂಡ್ಯಾ ಕಂಬಿಯ ಗುಂಟ ಅತ್ತಿಂದಿತ್ತ ಓಡುತ್ತ ಬೊಗಳುತ್ತಿತ್ತು. ಅದು ದಿನಾ ಮಾಡುವುದೇ. ಅಂದು ನನಗೆ ಸಿಟ್ಟು ಬಂದು, ಹಿಂದಿನಿಂದ ಹೋಗಿ ಕೊರಳಪಟ್ಟಿಗೆ ಕೈ ಹಾಕಿ ಜಗ್ಗಿದೆ. ಗರ್ರನೆ ತಿರುಗಿ ನನ್ನ ಬಲಗೈ ಮುಂದೋಳು ಹಿಡಿಯಿತು. ಒಂದೇ ಕ್ಷಣ. ನಾನು ಅಂತ ಗೊತ್ತಾದ ಕೂಡಲೇ ಬಿಟ್ಟು, ಕಿವಿ ಹಿಂದಕ್ಕೆ ಮಾಡಿ ನೆಲಕ್ಕೆ ಅಂಟಿಕೊಂಡಿತು. ಏಳು ಹೊಲಿಗೆ, ಮೇಲೆ ರೇಬೀಸಿನ ಸೂಜಿಗಳು. ನವೆಂಬರ್ ತಿಂಗಳು ಬೇರೆ. ಪಿಂಚಣಿಗಾಗಿ ನಾನು ಇನ್ನೂ ಬದುಕಿದ್ದೇನೆ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕುವ ಕಾಲ. ಸಹಿ ಎಷ್ಟು ಸೊಟ್ಟಗೆ ಬಂತೆಂದರೆ ಕೌಂಟರಿನ ಹುಡುಗಿ ಎರಡು ಸಲ ನನ್ನ ಮುಖ ನೋಡಿದಳು.

ನಾಯಿಯನ್ನು ಕೊಟ್ಟುಬಿಡಬೇಕು ಎಂದು ಮಗ ಫೋನಿನಲ್ಲಿ, ಪಕ್ಕದ ಮನೆಯವರು ಬಾಗಿಲಿನಲ್ಲಿ ಹೇಳಿದರು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಬಡಿಸುತ್ತ ಅಂದಳು: "ನಾಯಿ ಬ್ಯಾಡ ಅನ್ನೂದಿಲ್ಲ ನಾ. ಆದ್ರ ಅಂವ ನಿಮಗ ತಿಳೀವಲ್ಲ. ತಿಳದವ್ರ ಹಂತ್ಯಾಕ ಕರ್ಕೊಂಡ್ ಹೋಗ್ರಿ, ಇಲ್ಲಾ ತಿಳದವ್ರಿಗೆ ಕೊಟ್ಟುಬಿಡ್ರಿ." ಅವಳು ಮೊದಲಿನಿಂದಲೂ ಅದನ್ನು ಅಂವ ಅನ್ನುತ್ತಾಳೆ, ನಾನು ಅದು ಅನ್ನುತ್ತೇನೆ.

ಹೀಗೆ ಮುಳಶಿ ರಸ್ತೆಯ ಆಚೆಗಿನ ಒಂದು ಮೈದಾನಕ್ಕೆ ಹೋದೆ. ಕಲಿಸುವವರು ಸಾತಾರಾ ಕಡೆಯವರು, ಸೇನೆಯ ಶ್ವಾನದಳದಲ್ಲಿ ಇದ್ದು ನಿವೃತ್ತರಾದ ಸುಭೇದಾರರು. ಐದು ನಿಮಿಷ ನಾಯಿಯ ಜತೆ ನಡೆಯಿರಿ ಎಂದರು. ನಡೆದೆ. "ಕುತ್ರಾ ಚಾಂಗ್ಲಾ ಆಹೇ, ಸಾಹೇಬ" ಎಂದರು. ನಾಯಿ ಚೆನ್ನಾಗಿದೆ. ನನ್ನ ಬಗ್ಗೆ ಏನೂ ಹೇಳಲಿಲ್ಲ.

ಈ ಆಟದ ಚರಿತ್ರೆ ಸ್ವಲ್ಪ ಹೇಳಬೇಕು. ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಅಶ್ವದಳದ ಅಧಿಕಾರಿ 1899ರಲ್ಲಿ ಜರ್ಮನ್ ಶೆಫರ್ಡ್ ತಳಿಯ ಸಂಘ ಕಟ್ಟಿದ. ನಾಯಿಯ ರೂಪ ನೋಡಿ ಸಾಕಬೇಡಿ, ಅದರ ಕೆಲಸ ನೋಡಿ ಅನ್ನುವುದು ಅವನ ವಾದ. ಆ ವಾದದಿಂದಲೇ 1901ರಲ್ಲಿ ಮೊದಲ 'ಶುಟ್ಸ್‌ಹುಂಡ್' ಪರೀಕ್ಷೆ ನಡೆಯಿತು. ರಕ್ಷಣೆಯ ನಾಯಿ ಎಂದು ಅರ್ಥ. ಹೆಸರು ಆಮೇಲೆ ಬದಲಾಗಿ, 2019ರಿಂದ ಐಜಿಪಿ ಆಗಿದೆ. ಹೆಸರು ಕೇಳಿ ನನ್ನ ತಮ್ಮ, "ಅಣ್ಣಾ, ಪೊಲೀಸ್ ಇಲಾಖೆಗೆ ಸೇರಿಸೀಯೇನು?" ಎಂದು ಕೇಳಿದ. ವಾಸನೆ ಹಿಡಿದು ಹೆಜ್ಜೆ ಹುಡುಕುವುದು, ವಿಧೇಯತೆ, ರಕ್ಷಣೆ ಎಂದು ಮೂರು ಭಾಗ. ಪ್ರತಿಯೊಂದಕ್ಕೂ 100 ಅಂಕ, ಪಾಸಾಗಲು ಪ್ರತಿಯೊಂದರಲ್ಲೂ 70 ಬೇಕು. ನಮ್ಮ ಎಂಕಾಂ ಪರೀಕ್ಷೆಯಲ್ಲಿ ಇಷ್ಟು ಬಿಗಿ ಇರಲಿಲ್ಲ.

ಮೂರನೆಯ ಭಾಗವನ್ನು ಮೊದಲ ಸಲ ನೋಡಿದವರು ಹೆದರುತ್ತಾರೆ. ಮೈದಾನದಲ್ಲಿ ಗುಡಾರದಂಥ ಮರೆಗಳು. ಅದರಲ್ಲೊಂದರ ಹಿಂದೆ ತೋಳಿಗೆ ಸೆಣಬಿನ ದಪ್ಪ ಕವಚ ಹಾಕಿಕೊಂಡ ಒಬ್ಬ ಮನುಷ್ಯ. ನಾಯಿ ಮರೆಗಳನ್ನು ಸುತ್ತಿ ಅವನನ್ನು ಹುಡುಕಬೇಕು. ಅವನು ಸುಮ್ಮನೆ ನಿಂತಿದ್ದರೆ ಮುಟ್ಟಬಾರದು. ಎದುರು ನಿಂತು ಬೊಗಳಬೇಕು, ಅಷ್ಟೇ. ಓಡಿದರೆ, ಇಲ್ಲವೆ ಮೈಮೇಲೆ ಬಂದರೆ ಮಾತ್ರ ಹಿಡಿಯಬೇಕು, ಅದೂ ಆ ಕವಚವನ್ನೇ. ಯಜಮಾನ "ಔಸ್" ಅಂದ ಕೂಡಲೇ ಬಿಡಬೇಕು. ಮೂರು ಸಲ ಹೇಳಿಯೂ ಬಿಡದ ನಾಯಿಯನ್ನು ಪರೀಕ್ಷೆಯಿಂದಲೇ ಹೊರಗೆ ಹಾಕುತ್ತಾರೆ, ಅದು ಎಷ್ಟೇ ಗಟ್ಟಿಯಾಗಿ ಹಿಡಿದಿರಲಿ. ಕಚ್ಚುವುದನ್ನು ಕಲಿಸುವ ಆಟ ಎಂದುಕೊಂಡು ಹೋದ ನನಗೆ ಮೊದಲ ದಿನವೇ ತಿಳಿಯಿತು, ಕಚ್ಚುವುದು ನಾಯಿಗೆ ಬರುತ್ತದೆ, ಉಳಿದದ್ದೆಲ್ಲ ಪಾಠ. ಮನೆಯಲ್ಲೇ ನಾಯಿಗೆ 'ಅಟ್ಯಾಕ್' ಕಲಿಸುತ್ತೇವೆ ಎಂದು ಹೇಳಿಕೊಂಡು ಬರುವವರು ಎಲ್ಲ ಊರಲ್ಲೂ ಇದ್ದಾರೆ. ಗೇಟಿನಿಂದಲೇ ಅವರಿಗೆ ನಮಸ್ಕಾರ ಹೇಳುವುದು ಒಳ್ಳೆಯದು.

ಸುಭೇದಾರರು ನನಗೆ ಕವಚದ ಹತ್ತಿರ ಹೋಗಲೂ ಬಿಡಲಿಲ್ಲ. ಹಗ್ಗ ಕಟ್ಟಿದ ಒಂದು ರಬ್ಬರ್ ಚೆಂಡು ಕೊಟ್ಟರು. ಮೊದಲು ಇದನ್ನು ಬಿಡಿಸಿ ನೋಡೋಣ ಅಂದರು. ನಾನು "ಔಸ್" ಎಂದು ಹೇಳಿ ಜಗ್ಗಿದೆ. ಪುಂಡ್ಯಾ ಇನ್ನೂ ಗಟ್ಟಿಯಾಗಿ ಹಿಡಿಯಿತು. ಮತ್ತೆ "ಔಸ್", ಮತ್ತೆ ಜಗ್ಗಾಟ. ನಾಯಿಯ ಕಣ್ಣಲ್ಲಿ ಆನಂದವೋ ಆನಂದ. ನನ್ನ ಹೊಲಿಗೆಯ ಗಾಯ ಚುರುಚುರು. "ಸಾಹೇಬ, ನೀವು ಅದಕ್ಕೆ ಬಿಡು ಅನ್ನುತ್ತಿಲ್ಲ, ಹಿಡಿ ಅನ್ನುತ್ತಿದ್ದೀರಿ" ಎಂದು ನಕ್ಕರು.

ಅವರು ತೋರಿಸಿದ್ದು ಹೀಗೆ. ಚೆಂಡು ಅಲುಗಿದರೆ ಅದಕ್ಕೆ ಜೀವ ಇದೆ, ನಾಯಿಗೆ ಅದು ಬೇಟೆ. ಜಗ್ಗಿದಷ್ಟೂ ಬೇಟೆ ತಪ್ಪಿಸಿಕೊಳ್ಳುತ್ತಿದೆ ಅಂತ ಹಲ್ಲು ಬಿಗಿಯುತ್ತದೆ. ಹಗ್ಗವನ್ನು ನಿಮ್ಮ ತೊಡೆಗೆ ಒತ್ತಿ ಹಿಡಿದು ಕಲ್ಲಿನಂತೆ ನಿಲ್ಲಿರಿ. ಚೆಂಡು ಸತ್ತಿತು. ಒಂದೇ ಸಲ ಪದ ಹೇಳಿ, ಕಾಯಿರಿ. ಬಾಯಿ ಬಿಟ್ಟ ಕ್ಷಣವೇ ಚೆಂಡಿಗೆ ಮತ್ತೆ ಜೀವ ಕೊಟ್ಟು ಎಸೆಯಿರಿ. ಬಿಟ್ಟರೆ ಕಳೆದುಹೋಗುವುದಿಲ್ಲ, ಬಿಟ್ಟರೇ ಆಟ ಮುಂದುವರಿಯುತ್ತದೆ ಎಂದು ಅದಕ್ಕೆ ಅರ್ಥವಾಗಬೇಕು. ಹೊಡೆದು ಬಿಡಿಸಿದ ನಾಯಿ ಒಂದು ದಿನ ಬಿಟ್ಟೀತು, ಮರುದಿನ ಚೆಂಡು ಹಿಡಿದು ದೂರ ಓಡುತ್ತದೆ.

ಕೇಳಲು ಸರಳ. ನನಗೆ ಒಂದು ತಿಂಗಳು ಸಾಧ್ಯವಾಗಲಿಲ್ಲ. ಕೈ ತಾನಾಗಿಯೇ ಜಗ್ಗುತ್ತಿತ್ತು. ಬಾಯಿ ತಾನಾಗಿಯೇ ಎರಡನೆಯ, ಮೂರನೆಯ ಸಲ ಹೇಳುತ್ತಿತ್ತು. ಸಾಲ ವಸೂಲಿ ವಿಭಾಗದಲ್ಲಿ ಎಂಟು ವರ್ಷ ಇದ್ದವನು ನಾನು. ನೋಟೀಸಿನ ಮೇಲೆ ನೋಟೀಸು ಕಳಿಸುವುದೇ ನನ್ನ ಕಸುಬಾಗಿತ್ತು. ಮೊದಲ ನೋಟೀಸಿಗೆ ಯಾವ ಸಾಲಗಾರನೂ ಬೆಲೆ ಕೊಡುತ್ತಿರಲಿಲ್ಲ, ಏಕೆಂದರೆ ಎರಡನೆಯದು ಬರುತ್ತದೆ ಎಂದು ಅವನಿಗೆ ಗೊತ್ತು. ಪುಂಡ್ಯಾನಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ವರಾಂಡದಲ್ಲಿ ಪೇಪರ್ ಓದುತ್ತಿದ್ದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿಯ ಕೈಯಿಂದ ಪುಂಡ್ಯಾ ಒಂದು ಟವೆಲ್ಲಿನ ತುದಿ ಕಚ್ಚಿತು. ನಾನು ಎದ್ದು ಓಡುವಷ್ಟರಲ್ಲಿ ನೋಡುತ್ತೇನೆ, ಅವಳು ಜಗ್ಗಲೂ ಇಲ್ಲ, ಕೂಗಲೂ ಇಲ್ಲ. ಮಂಡಿನೋವಿನವಳು, ಜಗ್ಗಾಡಲು ಆಗುವುದಿಲ್ಲ. ಟವೆಲ್ಲಿನ ಇನ್ನೊಂದು ತುದಿ ಹಿಡಿದು ಸುಮ್ಮನೆ ನಿಂತಿದ್ದಾಳೆ, ಬಸ್ಸಿಗೆ ಕಾಯುವವರ ಹಾಗೆ. ಸ್ವಲ್ಪ ಹೊತ್ತಿನ ಮೇಲೆ, "ಬಿಡು" ಅಂದಳು. ಬಿಟ್ಟಿತು. "ಶಾಣ್ಯಾ ಅದೀ ನನ್ನಪ್ಪ" ಎಂದು ಹಗ್ಗದ ಮೇಲಿನ ಹಳೆಯ ಅರಿವೆಯೊಂದನ್ನು ಎಳೆದು ಅದರ ಕಡೆಗೆ ಒಗೆದಳು. ಎಷ್ಟು ದಿನದಿಂದ ಹೀಗೆ ನಡೆದಿದೆ ಎಂದು ಕೇಳಿದೆ. "ದಿನಾ ಹಿಂಗ. ಯಾಕ್ರೀ?"

ಭಾನುವಾರ ಸುಭೇದಾರರಿಗೆ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿ, "ಹಾಗಾದರೆ ಜರ್ಮನ್ ಬೇಡ. ನಾಯಿಗೆ ಪದದ ಅರ್ಥ ಗೊತ್ತಿಲ್ಲ, ಪದದ ಹಿಂದೆ ಏನಾಗುತ್ತದೆ ಅನ್ನುವುದು ಗೊತ್ತು. ಬಾಯಿಸಾಹೇಬರ ಪದವನ್ನೇ ಇಟ್ಟುಕೊಳ್ಳಿ" ಎಂದರು. ನಡೆ, ಕೂಡು, ಮಲಗು ಜರ್ಮನ್‌ನಲ್ಲಿಯೇ ಉಳಿದವು. ಔಸ್ ಮಾತ್ರ ಹೋಗಿ ಬಿಡು ಬಂತು.

ಅದಾದ ಮೇಲೆ ಇನ್ನೊಂದು ಮಾತನ್ನೂ ಅವರು ಹೇಳಿದರು, ಅದು ಕಹಿ. ಮೂವತ್ತು ಕಿಲೋದ ನಾಯಿ ಕವಚದ ಮನುಷ್ಯನ ಕಡೆ ನುಗ್ಗುವಾಗ ಉದ್ದ ಹಗ್ಗ ಹಿಡಿದು ನಿಲ್ಲಲು ನನ್ನ ಸೊಂಟ, ಮಂಡಿಗಳು ಸಾಲವು. ಒಂದು ಸಲ ನಾನು ಬಿದ್ದು ನಾಯಿ ಕೈತಪ್ಪಿದರೆ ಅಲ್ಲಿಗೆ ಮುಗಿಯಿತು. "ವಾಸನೆಯ ಕೆಲಸ, ವಿಧೇಯತೆ ನೀವೇ ಮಾಡಿ. ಮೂರನೆಯದು ಬೇರೆಯವರ ಕೈಯಲ್ಲಿ ಇರಲಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಗ್ಗದ ಮಾತು ಒಂದು ಕಡೆ. ಲೆಕ್ಕ ಇನ್ನೊಂದು ಕಡೆ: ಈ ಜಾತಿ ಹದಿಮೂರು ಹದಿನಾಲ್ಕು ವರ್ಷ ಬದುಕುತ್ತದೆ. ಆಗ ನನ್ನ ವಯಸ್ಸು ಎಪ್ಪತ್ತಾರು. ಠೇವಣಿಯ ಅವಧಿ ನೋಡದೆ ಹಣ ಇಟ್ಟ ಗಿರಾಕಿಗಳನ್ನು ನಾನೇ ಎಷ್ಟು ಸಲ ಬೈದಿದ್ದೇನೆ!

ಹಿಂಜವಾಡಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಅದೇ ಮೈದಾನಕ್ಕೆ ತನ್ನ ಜರ್ಮನ್ ಶೆಫರ್ಡ್ ತರುತ್ತಾಳೆ. ಮೂರನೆಯ ಭಾಗಕ್ಕೆ ಪುಂಡ್ಯಾನ ಹಗ್ಗ ಅವಳ ಕೈಗೆ ಹೋಯಿತು. ಕೆಲವು ತಿಂಗಳ ಮೇಲೆ ನಾನೇ ಬಾಯಿಬಿಟ್ಟು ಕೇಳಿದೆ, ನಾಳೆ ನನಗೇನಾದರೂ ಆದರೆ ಇದನ್ನು ಇಟ್ಟುಕೊಳ್ಳುತ್ತೀಯಾ ಎಂದು. ಅವಳು "ಕಾಕಾ, ಅಷ್ಟರಲ್ಲಿ ಏನಾಗತದ ನಿಮಗೆ" ಎಂಬರ್ಥದ ಮಾತೊಂದನ್ನು ಮರಾಠಿಯಲ್ಲಿ ಹೇಳಿ, ಆಮೇಲೆ ಹೂಂ ಅಂದಳು. ಮನೆಗೆ ಬಂದು ಒಂದು ಕಾಗದದ ಮೇಲೆ ಬರೆದು, ಹೆಂಡತಿಯ ಸಹಿ ಹಾಕಿಸಿ, ಠೇವಣಿ ರಶೀದಿಗಳ ಫೈಲಿನಲ್ಲಿ ಇಟ್ಟಿದ್ದೇನೆ. ನಾಮಿನಿ ಇಲ್ಲದ ಖಾತೆ ಎಷ್ಟು ಕಷ್ಟ ಕೊಡುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ಭಾನುವಾರ ಬೆಳಿಗ್ಗೆ ನಾನು ಬೇಲಿಯ ಹೊರಗೆ ನಿಲ್ಲುತ್ತೇನೆ. ಪುಂಡ್ಯಾ ಕವಚಕ್ಕೆ ಹಾರಿ, ಪೂರ್ತಿ ಬಾಯಿ ತುಂಬಿ ಹಿಡಿದು ತೂಗುತ್ತದೆ. ಮನುಷ್ಯ ಅಲುಗಾಟ ನಿಲ್ಲಿಸುತ್ತಾನೆ. ಆ ಮರಾಠಿ ಹುಡುಗಿ "ಬಿಡೂ" ಎಂದು ದೀರ್ಘ ಹಾಕಿ ಕೂಗುತ್ತಾಳೆ. ಉಕಾರ ಹ್ರಸ್ವ ಎಂದು ಎಷ್ಟು ಸಲ ತಿದ್ದಿದರೂ ಅವಳದು ದೀರ್ಘವೇ. ನಾಯಿಗೆ ಅದರಿಂದ ತೊಂದರೆ ಇಲ್ಲ, ಬಿಟ್ಟು ಕೂಡುತ್ತದೆ, ಕಣ್ಣು ಮಾತ್ರ ಆ ಮನುಷ್ಯನ ಮೇಲೆ.

ಮನೆಯ ಗೇಟಿನಲ್ಲಿ ಹಾಲಿನ ಹುಡುಗ ಈಗ ಬೇರೆಯವನು, ಸ್ಕೂಟರಿನಲ್ಲಿ ಬರುತ್ತಾನೆ. ಅವನು ಬರುವ ಹೊತ್ತಿಗೆ ಪುಂಡ್ಯಾನ ಬಾಯಿಯಲ್ಲಿ ಚೆಂಡು ಇರುವಂತೆ ನೋಡಿಕೊಳ್ಳುತ್ತೇನೆ. ಅವನು ಹೋದ ಮೇಲೆ ಹಗ್ಗವನ್ನು ತೊಡೆಗೆ ಒತ್ತಿ ನಿಂತು "ಬಿಡು" ಅನ್ನುತ್ತೇನೆ. ನಂತರ ಇನ್ನೊಮ್ಮೆ "ಬಿಡು" ಅನ್ನುತ್ತೇನೆ. ಅಷ್ಟರಲ್ಲಿ ಚೆಂಡು ನನ್ನ ಕೈಯಲ್ಲೇ ಇರುತ್ತದೆ. ಅಡುಗೆಮನೆಯಿಂದ ದನಿ ಬರುತ್ತದೆ: "ಬಿಟ್ಟಾನ್ರೀ ಅಂವ, ಎಷ್ಟ ಸರ್ತಿ ಹೇಳ್ತೀರಿ?"