ಫಾರ್ಮ್ಯಾಟ್ ಮಾಡೋ ಮುಂಚೆ ದೊಡ್ಡಮ್ಮ ಕೇಳಿದ ಪ್ರಶ್ನೆ

ಹಿಂಗಾರು ಮಳೆಗೆ ನಮ್ಮೂರ ಕೆರೆ ಕೋಡಿ ಬಿದ್ದ ದಿನ ನಮ್ಮಲ್ಲೊಬ್ಬ ಹೊಸ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬಂದ. ನೀರಿನ ಸದ್ದು, ಹುಡುಗರ ಕೇಕೆ, ಬಾಗಿನ ಬಿಡುವ ಹೆಂಗಸರು, ಎಲ್ಲ ಅದರಲ್ಲಿತ್ತು. ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದರೆ ಸದ್ದು ಮಾತ್ರ ಬರುತ್ತಿದೆ, ಚಿತ್ರ ಇಲ್ಲ. ಕಪ್ಪು ಪರದೆಯೊಳಗೆ ಕೆರೆ ಭೋರ್ಗರೆಯುತ್ತಿತ್ತು.

ನಮ್ಮ ಕಂಪ್ಯೂಟರಿಗೆ ವಯಸ್ಸಾಗಿದೆ. 2012ರಲ್ಲಿ ನಮ್ಮಲ್ಲೊಬ್ಬರ ಮನೆಯಲ್ಲಿ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ನಾವು ನಾಲ್ವರು ಪತ್ರಿಕೋದ್ಯಮ ಓದುವಾಗಲೂ ಇದೇ, ಈಗ ಊರಿನ ಸುದ್ದಿ ಬರೆಯುವಾಗಲೂ ಇದೇ. ಆನ್ ಮಾಡಿ ಟೀ ಕುಡಿದು ಬಂದರೆ ತೆರೆದುಕೊಂಡಿರುತ್ತದೆ.

ಚಿತ್ರ ಯಾಕೆ ಕಾಣಲಿಲ್ಲ? ಫೋನು ವಿಡಿಯೋವನ್ನು ಇದ್ದ ಹಾಗೇ ಇಡುವುದಿಲ್ಲ. ಹುಲ್ಲನ್ನು ಒತ್ತಿ ಹೊರೆ ಕಟ್ಟಿದ ಹಾಗೆ ಒತ್ತಿ ಕಟ್ಟುತ್ತದೆ. ಹೀಗೆ ಕಟ್ಟಿ ಬಿಚ್ಚುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. 2003ರಲ್ಲಿ ಬಂದ ಎಚ್.264 ಎಂಬ ಕೋಡೆಕ್ ವಿಂಡೋಸ್ 7ಕ್ಕೆ ಗೊತ್ತು. ಈಗಿನ ಹಲವು ಫೋನುಗಳು ಬಳಸುವುದು ಎಚ್.265, ಅಂದರೆ ಎಚ್‌ಇವಿಸಿ. ಅದೇ ಗುಣಮಟ್ಟದ ವಿಡಿಯೋವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದೆ. ಅದು ಬಂದದ್ದು 2013ರಲ್ಲಿ. ನಮ್ಮ ಕಂಪ್ಯೂಟರ್ ಮನೆಗೆ ಬಂದ ಮೇಲೆ ಹುಟ್ಟಿದ ಗಂಟು ಅದು. ಬಿಚ್ಚುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ವಿಎಲ್‌ಸಿ ಪ್ಲೇಯರ್ ಹಾಕಿದೆವು. ಚಿತ್ರ ಬಂತು. ಬರೀ ನೋಡುವುದಷ್ಟೇ ನಿಮ್ಮ ಕೆಲಸವಾದರೆ ಮೊದಲು ಇದನ್ನೇ ಮಾಡಿ, ದುಡ್ಡು ಖರ್ಚಿಲ್ಲ. ಆದರೆ ನಮಗೆ ಕತ್ತರಿಸಿ ಜೋಡಿಸಬೇಕಿತ್ತು. ಹೊಸ ಎಡಿಟಿಂಗ್ ತಂತ್ರಾಂಶಗಳು ವಿಂಡೋಸ್ 7ರಲ್ಲಿ ಕೂರುತ್ತಿರಲಿಲ್ಲ. 2023ರ ಫೆಬ್ರವರಿಯಿಂದ ಕ್ರೋಮ್ ಬ್ರೌಸರ್‌ನ ಹೊಸ ಆವೃತ್ತಿಯೂ ಅದಕ್ಕೆ ಬರುತ್ತಿಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನೇ ಬದಲಿಸೋಣ ಅಂತ ತೀರ್ಮಾನ ಮಾಡಿದೆವು.

ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಗೆ ಫೋನ್ ಮಾಡಿದೆವು. "ತಗೊಂಡ್ ಬನ್ನಿ, ಫಾರ್ಮ್ಯಾಟ್ ಮಾಡಿ ಹೊಸದು ಹಾಕ್ಕೊಡ್ತೀನಿ, ಒಂದು ಗಂಟೆ ಕೆಲ್ಸ" ಅಂದರು. ಡಿ ಡ್ರೈವ್‌ನಲ್ಲಿದ್ದ ಫೋಟೋ, ವಿಡಿಯೋ ಎಲ್ಲ ಹೊರಗಿನ ಡಿಸ್ಕಿಗೆ ಹಾಕಿಕೊಂಡೆವು. ವೈರು ಬಿಚ್ಚಿ ಸಿಪಿಯು ಎತ್ತಿ ಬೈಕಿನ ಮೇಲಿಡುವಾಗ ದೊಡ್ಡಮ್ಮ ಜಗಲಿಯಿಂದ ಕೇಳಿದರು:

"ಏನ್ರಪ್ಪಾ, ಅವ್ವನ ಪದ ಅದ್ರೊಳ್ಗೇ ಅಲ್ವಾ ಇರೋದು? ಅವು ಎಲ್ಲೋಗ್ತವೆ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 2014ರಲ್ಲಿ ಡಿಗ್ರಿಯ ಪ್ರಾಜೆಕ್ಟಿಗೆಂದು ಅಜ್ಜಿಯನ್ನು ಈ ಕಂಪ್ಯೂಟರ್ ಮುಂದೆಯೇ ಕೂರಿಸಿ, ಹೆಡ್‌ಫೋನಿನ ಮೈಕು ಹಿಡಿದು, ರಾಗಿ ಬೀಸುವ ಪದ ಹಾಡಿಸಿದ್ದೆವು. ಅಜ್ಜಿ ಹೋಗಿ ನಾಲ್ಕು ವರ್ಷವಾಯಿತು. ಆ ಪದಗಳು ಬೇರೆ ಎಲ್ಲೂ ಇಲ್ಲ. ನಮಗೆ ಮರೆತೇ ಹೋಗಿತ್ತು.

ಸಿಪಿಯು ವಾಪಸ್ ಒಳಗೆ ಹೋಯಿತು. ಡಿ ಡ್ರೈವ್ ಎಲ್ಲ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಡೆಸ್ಕ್‌ಟಾಪಿನ ಮೇಲಿದ್ದ "ನ್ಯೂ ಫೋಲ್ಡರ್ 3"ರೊಳಗೆ. ಹನ್ನೊಂದು ಫೈಲ್. ಇಲ್ಲೇ ನಾವು ಎಡವಿದ್ದೆವು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಫಾರ್ಮ್ಯಾಟ್ ಆಗುವುದೂ ಅದೇ ಸಿ ಡ್ರೈವ್. ಅಂಗಡಿಯವರದು ತಪ್ಪೇನೂ ಆಗುತ್ತಿರಲಿಲ್ಲ. ಏನು ಉಳಿಸಬೇಕು ಅಂತ ನಾವು ಹೇಳಿಯೇ ಇರಲಿಲ್ಲ.

ಆಮೇಲೆ ಅವಸರ ಬಿಟ್ಟೆವು. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಪೂರ್ತಿ ನಕಲು ಮಾಡಿದೆವು. ನಕಲು ಆಯಿತು ಅಂತ ಬಿಡದೆ, ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ಒಂದೊಂದೇ ಪದ ತೆರೆದು ಕೇಳಿದೆವು. ನಕಲು ತೆರೆದು ನೋಡುವವರೆಗೆ ಅದು ಬರೀ ನಂಬಿಕೆ.

ಇನ್ನು ಯಾವ ಸಿಸ್ಟಮ್ ಹಾಕುವುದು? ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮದು ಎರಡನೆಯದು. ವಿಂಡೋಸ್ 10 ಕೂರುತ್ತದೆ, ಆದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಉಳಿದದ್ದು ಲಿನಕ್ಸ್. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಉಚಿತ, ಹಗುರ. 2 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ, 4 ಇದ್ದರೆ ಒಳ್ಳೆಯದು. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಏನೂ ಅಳಿಸದೆ, ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಮೂರು ದಿನ ಹಾಗೇ ನೋಡಿದೆವು. ಸೌಂಡ್, ವೈಫೈ, ಕನ್ನಡ ಟೈಪಿಂಗ್ ಎಲ್ಲ ನಡೆದವು.

ಕೊನೆಗೆ ಫಾರ್ಮ್ಯಾಟ್ ಮಾಡಲೇ ಇಲ್ಲ. ಸುಮಾರು ಎರಡು ಸಾವಿರ ರೂಪಾಯಿಗೆ ಹೊಸ ಎಸ್‌ಎಸ್‌ಡಿ ತಂದು, ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದಿಟ್ಟು, ಹೊಸ ಸಿಸ್ಟಮ್ಮನ್ನು ಎಸ್‌ಎಸ್‌ಡಿಗೆ ಹಾಕಿದೆವು. ಹಾಕುವಾಗ ಮಲ್ಟಿಮೀಡಿಯಾ ಕೋಡೆಕ್ ಬೇಕೇ ಅಂತ ಕೇಳುತ್ತದೆ, ಅಲ್ಲಿ ಟಿಕ್ ಮಾಡುವುದು ಮರೆಯಬೇಡಿ. ಕೆರೆಯ ವಿಡಿಯೋ ತೆರೆದುಕೊಂಡಿತು. ಈಗ ಆನ್ ಮಾಡಿ ಟೀ ಕುಡಿದು ಬರುವಷ್ಟು ಪುರುಸೊತ್ತು ಸಿಗುವುದಿಲ್ಲ.

ಎಲ್ಲವೂ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಸಿಸ್ಟಮ್ ಹೊಸದು, ಪ್ರೊಸೆಸರ್ ಹಳೆಯದೇ. ಎಚ್‌ಇವಿಸಿ ಬಿಚ್ಚುವ ಸ್ವಂತ ಸಲಕರಣೆ ಅದರೊಳಗಿಲ್ಲ, ಎಲ್ಲ ಲೆಕ್ಕವನ್ನೂ ಬೆವರು ಸುರಿಸಿಯೇ ಮಾಡಬೇಕು. ಹಾಗಾಗಿ ದೊಡ್ಡ ವಿಡಿಯೋ ತಡವರಿಸುತ್ತದೆ. ಅದಕ್ಕೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಎಚ್.264ಕ್ಕೆ ಬದಲಿಸಿಕೊಂಡೆವು. ಎಡಿಟಿಂಗಿಗೆ ಶಾಟ್‌ಕಟ್ ಬಳಸುತ್ತೇವೆ. ಅದರಲ್ಲಿ ಪ್ರಾಕ್ಸಿ ಅಂತ ಒಂದು ಸೌಲಭ್ಯವಿದೆ: ಕತ್ತರಿಸುವಾಗ ಚಿಕ್ಕ ನಕಲು, ಕೊನೆಯಲ್ಲಿ ಅಸಲಿ ವಿಡಿಯೋ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದ ನಮ್ಮ ಬರಹಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡವು. ಅವನ್ನು ಉಚಿತ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡುವ ಕೆಲಸ ಇನ್ನೂ ನಡೆದಿದೆ.

ಅಜ್ಜಿಯ ಪದಗಳು ವಿಂಡೋಸ್ 7ರ ಸೌಂಡ್ ರೆಕಾರ್ಡರ್ ಮಾಡಿದ ಡಬ್ಲ್ಯುಎಂಎ ಫೈಲುಗಳು. ಅವನ್ನು ಹಾಗೇ ಇಟ್ಟು, ದೊಡ್ಡಮ್ಮನ ಫೋನಿಗೆಂದು ಬೇರೆಯಾಗಿ ಎಂಪಿ3 ಮಾಡಿಕೊಟ್ಟೆವು. ಜಗಲಿಯ ಮೇಲೆ ಕೂತು ಕೇಳಿದರು. ಏಳನೆಯ ಪದದ ಮಧ್ಯೆ ಅಜ್ಜಿ ಕೆಮ್ಮಿ, "ಸಾಕೇನ್ರೋ, ಇನ್ನೊಂದ್ ಹೇಳ್ಲಾ?" ಅಂತಾರೆ. ಹಿಂದೆ ನಾವು ನಗುವುದು ಕೇಳುತ್ತದೆ. ದೊಡ್ಡಮ್ಮ ಆ ಜಾಗವನ್ನೇ ಮತ್ತೆ ಹಾಕಿ ಅಂದರು. ಕೆಮ್ಮನ್ನು ಕತ್ತರಿಸಿ ಚೊಕ್ಕ ಮಾಡೋಣ ಅಂದುಕೊಂಡಿದ್ದ ನಾವು ಸುಮ್ಮನಾದೆವು.

ಹಳೆಯ ಡಿಸ್ಕ್ ಈಗ ದೊಡ್ಡಮ್ಮನ ಟ್ರಂಕಿನಲ್ಲಿ, ಬಟ್ಟೆಯಲ್ಲಿ ಸುತ್ತಿ, "ಅವ್ವನ ಪದ" ಅಂತ ಚೀಟಿ ಅಂಟಿಸಿಕೊಂಡಿದೆ. ಡಿಸ್ಕೂ ಒಂದು ದಿನ ಕೆಡಬಹುದು, ಅದಕ್ಕೇ ಇನ್ನೆರಡು ನಕಲು ಬೇರೆ ಬೇರೆ ಮನೆಯಲ್ಲಿವೆ. ನಿಮ್ಮ ಮನೆಯಲ್ಲೂ ಹಳೆಯ ಕಂಪ್ಯೂಟರ್ ಇದ್ದರೆ, ಅಂಗಡಿಗೆ ಹೊರಡುವ ಮುಂಚೆ ಮನೆಯವರನ್ನೆಲ್ಲ ಒಮ್ಮೆ ಕೇಳಿ: ಇದರೊಳಗೆ ನಿಮ್ಮದೇನಿದೆ?