ಕಾಲುಸಂಕ ದಾಟುವಾಗ

ಕಳೆದ ರಜೆಯಲ್ಲಿ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ 1980ರ ಇಂಗ್ಲಿಷ್ ಚಿತ್ರ ‘ದಿ ಶೈನಿಂಗ್’ ನೋಡಿದೆ. ತುಂಬಾ ಹೆದರಿಸುವ ಸಿನಿಮಾ ಎಂದು ಕೇಳಿದ್ದೆ. ಹಿಮ ಬಿದ್ದು ದಾರಿ ಮುಚ್ಚಿಹೋದ ದೊಡ್ಡ ಹೋಟೆಲ್, ಒಳಗೆ ಒಂದೇ ಕುಟುಂಬ. ಖಾಲಿ ಕಾರಿಡಾರ್‌ನಲ್ಲಿ ಹುಡುಗ ಮೂರು ಚಕ್ರದ ಸೈಕಲ್ ತುಳಿಯುವಾಗ ಸ್ವಲ್ಪ ಎದೆ ಹೊಡೆದುಕೊಂಡಿತು. ಆಮೇಲೆ ಊಟ ಮಾಡಿ ಆರಾಮಾಗಿ ಮಲಗಿದೆ. ನಾನು ಹಿಮ ನೋಡಿದ್ದು ಫ್ರಿಜ್‌ನೊಳಗೆ ಮಾತ್ರ!

‘ಕಾಂತಾರ’ ಹಾಗಲ್ಲ. 2022ರಲ್ಲಿ ಅದು ಬಂದಾಗ ನಾನು ಎಂಟನೇ ತರಗತಿ. ಚಿತ್ರೀಕರಣ ನಡೆದದ್ದು ನಮ್ಮ ಪಕ್ಕದ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ, ನಿರ್ದೇಶಕ ರಿಷಬ್ ಶೆಟ್ಟಿಯವರ ಊರಿನಲ್ಲೇ. ಅದು ಹಾರರ್ ಸಿನಿಮಾವೇ ಅಲ್ಲ ಎಂದು ಗೆಳೆಯರು ಜಗಳಕ್ಕೆ ಬರಬಹುದು. ನಿಜ, ಥಿಯೇಟರ್‌ನಲ್ಲಿ ನನ್ನ ಪಕ್ಕ ಕುಳಿತಿದ್ದ ಗೆಳೆಯ ದೈವ ಬಂದಾಗ ಕೈಮುಗಿದ. ಹೆದರಿದ್ದು ನಾನು. ನನ್ನನ್ನು ಹೆದರಿಸಿದ್ದು ದೈವವಲ್ಲ, ಕಾಡು. ಕೋಲ ಕಟ್ಟಿದವರು ಓಡಿಹೋಗಿ ಮಾಯವಾಗುತ್ತಾರಲ್ಲ, ಆ ಕಾಡು ನಮ್ಮ ಮನೆ ದಾರಿಯ ಹಾಡಿಯಂತೆಯೇ ಇತ್ತು.

ಹಾಡಿ ದಾಟಿದರೆ ತೋಡು, ತೋಡಿಗೆ ಅಡಿಕೆ ಮರದ ಕಾಲುಸಂಕ, ಆಮೇಲೆ ನಮ್ಮ ಮನೆ. ಸಿನಿಮಾ ನೋಡಿದ ಮರುದಿನ ಇಶಾ ನಮಾಜ್ ಮುಗಿಸಿ ಒಬ್ಬನೇ ಬಂದೆ. ಟಾರ್ಚ್ ಬೆಳಕು ಬಿದ್ದಲ್ಲಿ ಮರ, ಬೀಳದಲ್ಲಿ ಸಿನಿಮಾದ ಆ ಕೂಗು. ಆಯತುಲ್ ಕುರ್ಸಿ ಓದತೊಡಗಿದೆ. ಎಲ್ಲಿಯವರೆಗೆ ಓದಿದೆ ಎಂದು ಮರೆತು ಮೂರು ಸಲ ಮೊದಲಿಂದ ಶುರು ಮಾಡಿದೆ.

ಮನೆಗೆ ಬಂದು ಹೇಳಿದಾಗ ಉಮ್ಮ ನಗಲಿಲ್ಲ. “ಹಾಡಿಗೆ ಯಾಕೆ ಹೆದರ್ತೀಯ? ಸಂಕಕ್ಕೆ ಹೆದರು” ಎಂದರು.

ಅದೇ ವರ್ಷದ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರುಪಾಲಾಗಿದ್ದಳು. ಆ ಸುದ್ದಿ ಕೇಳಿದ ದಿನದಿಂದ, ನಾನು ಬರುವುದು ತಡವಾದರೆ ಉಮ್ಮ ತೋಡಿನ ಆಚೆ ಬಂದು ನಿಲ್ಲುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಗೆಳೆಯರು ನೋಡಿದರೆ ಎಂದು.

ಆಮೇಲೆ 2018ರ ಹಿಂದಿ ಚಿತ್ರ ‘ತುಂಬಾಡ್’ ನೋಡಿದೆ. ಅದರಲ್ಲಿ ಮಳೆ ನಿಲ್ಲುವುದೇ ಇಲ್ಲ. ನೆಲಮಾಳಿಗೆಯ ರಾಕ್ಷಸನಿಗಿಂತ ಆ ಮಳೆಯ ಸದ್ದೇ ನನ್ನನ್ನು ಹಿಡಿದು ಕೂರಿಸಿತು. ಜೋರು ಮಳೆಯಲ್ಲಿ ಹತ್ತು ಹೆಜ್ಜೆ ದೂರದಿಂದ ಕೂಗಿದರೂ ಕೇಳುವುದಿಲ್ಲ. ಅದು ನಮಗೆ ಸಿನಿಮಾ ಹೇಳಿಕೊಡಬೇಕಾದ ವಿಷಯವಲ್ಲ.

ಈಗಲೂ ನಮ್ಮ ಸಂಕ ಅಡಿಕೆ ಮರದ್ದೇ. ಮಳೆ ಜೋರಿದ್ದ ದಿನ ಚಪ್ಪಲಿ ಕೈಯಲ್ಲಿ ಹಿಡಿದು, ಆಚೆ ದಡದಲ್ಲಿ ಉಮ್ಮನ ಟಾರ್ಚ್ ಕಂಡ ಮೇಲೆಯೇ ಕಾಲಿಡುತ್ತೇನೆ. ಯಾರು ನೋಡಿದರೂ ನೋಡಲಿ.